ಜನಿವಾರದ ವಿಚಾರಣೆ



ವೇದಸಂದೂರಿನಿಂದ ದಿಂಡಿಗಲ್ ದಾಟಿ ದಕ್ಷಿಣಕ್ಕೆ ಹೋದರೆ ಮಧುರೆ. ವ್ಯಾಪಾರಕ್ಕೂ ಮದುವೆಯ ಜವಳಿಗೂ ನಾವು ಹೋಗಿಬರುವ ಈ ಊರಿನಲ್ಲಿ, ನಾಯಕ ಅರಸರ ಕಾಲದಲ್ಲಿ, ರಾಬರ್ಟೊ ಡಿ ನೊಬಿಲಿ ಎಂಬ ಇಟಲಿಯ ಪಾದ್ರಿಯೊಬ್ಬರಿದ್ದರು. 1606ರಲ್ಲಿ ಬಂದ ಅವರು ಪಾದ್ರಿಯ ಅಂಗಿ ಬಿಟ್ಟು ಕಾವಿ ಉಟ್ಟರು, ಮಾಂಸ ತೊರೆದರು, ತಮಿಳು, ತೆಲುಗು, ಸಂಸ್ಕೃತ ಕಲಿತರು. ಕ್ರೈಸ್ತರಾದ ಮೇಲ್ಜಾತಿಯವರು ಜನಿವಾರ, ಶಿಖೆ, ಹಣೆಯ ಗಂಧ ಉಳಿಸಿಕೊಳ್ಳಲಿ ಎಂದರು.

ಅಲ್ಲಿಯೇ ಮೊದಲಿನಿಂದ ಇದ್ದ ಹಿರಿಯ ಪಾದ್ರಿ ಗೊನ್ಸಾಲೊ ಫರ್ನಾಂಡಿಸ್ ಮೇಲಿನವರಿಗೆ ದೂರು ಬರೆದರು. ದೂರು ರೋಮಿನವರೆಗೂ ಮುಟ್ಟಿತು. ನೊಬಿಲಿಯವರ ಬಂಧುವಾಗಿದ್ದ ಕಾರ್ಡಿನಲ್ ಬೆಲ್ಲರ್ಮಿನೊ ಕೂಡ ಗಾಳಿಮಾತು ಕೇಳಿ ನೊಂದುಕೊಂಡರು. ನೊಬಿಲಿಯವರ ವಿವರಣೆ ಓದಿದ ಮೇಲೆಯೇ ಸಮಾಧಾನಗೊಂಡರು. ದೂರದಲ್ಲಿ ಕೂತು ನ್ಯಾಯ ಹೇಳುವವರಿಗೆ ಇಂಥದು ತಪ್ಪಿದ್ದಲ್ಲ.

1619ರಲ್ಲಿ ಗೋವೆಯಲ್ಲಿ ವಿಚಾರಣೆ ಕೂಡಿತು. ಗೋವೆಯ ಆರ್ಚ್‌ಬಿಷಪ್ ಕ್ರಿಸ್ತೊವಾವೊ ಡಿ ಸಾ ಎದುರಾಳಿ. ಸಭೆಯಲ್ಲಿ ಹೆಚ್ಚಿನವರೂ ಅವರ ಕಡೆಯೇ. ಕೊಡುಂಗಲ್ಲೂರಿನ ಆರ್ಚ್‌ಬಿಷಪ್ ಫ್ರಾನ್ಸಿಸ್ಕೊ ರೋಸ್ ಮಾತ್ರ ತಮಗಿಂತ ಮೇಲಿನ ಪೀಠಕ್ಕೆ ಅಂಜದೆ ಆರೋಪಿಯ ಪರ ನಿಂತರು. ಈ ರೋಸ್ ಅವರ ಬಗ್ಗೆ ನನಗೆ ಬಹಳ ಗೌರವ. ಪಾದ್ರಿಯೊಬ್ಬ ಮತಭೇದ ತಾಳುವುದು ಒಂದು. ಪೀಠದ ಮೇಲಿದ್ದವರು ಅವನಿಗಾಗಿ ತಮ್ಮವರನ್ನೇ ಎದುರುಹಾಕಿಕೊಳ್ಳುವುದು ಇನ್ನೊಂದು. ಅದೃಷ್ಟಕ್ಕೆ ಎರಡೂ ಕಡೆಯ ಅಭಿಪ್ರಾಯಗಳು ರೋಮಿಗೆ ಹೋದವು. 1623ರ ಜನವರಿ 31ರಂದು ಪೋಪ್ ಹದಿನೈದನೆಯ ಗ್ರೆಗರಿ ಷರತ್ತಿನ ಮೇಲೆ ಜನಿವಾರಕ್ಕೆ ಒಪ್ಪಿಗೆ ಕೊಟ್ಟರು.

ವಿಚಾರಣೆ ಗೆದ್ದಿತು ಸರಿ. ಗೆದ್ದ ವಾದವನ್ನು ಮಾತ್ರ ನಾವು ತೂಗಿ ನೋಡಬೇಕು. ಜನಿವಾರ ದೇವರ ಪೂಜೆಯ ಗುರುತಲ್ಲ, ಕುಲದ, ಅಂತಸ್ತಿನ ಗುರುತು; ಆದ್ದರಿಂದ ದೋಷವಿಲ್ಲ ಎಂಬುದು ನೊಬಿಲಿಯವರ ವಾದ. ಅದಕ್ಕೆ ಶಾಸ್ತ್ರಗಳಿಂದ ಆಧಾರ ತೆಗೆದು ತೋರಿಸಿದರು. ಕುಲ ಕೇಳದೆ ಲಿಂಗ ಕಟ್ಟಿದ ಬಸವಣ್ಣನವರ ಮಕ್ಕಳಾದ ನಮಗೆ ಲೆಕ್ಕ ತಿರುಗುಮುರುಗು. ದೇವರ ಗುರುತಾದರೆ ಯಾರು ಬೇಕಾದರೂ ಧರಿಸಬಹುದು. ಕುಲದ ಗುರುತಾದರೆ, ಅದನ್ನು ಧರಿಸಲಾಗದೆ ಹೊರಗೆ ನಿಂತವನೊಬ್ಬ ಇದ್ದೇ ಇರುತ್ತಾನೆ. ಆರೋಪಿಯನ್ನು ಬಿಡಿಸಿದ ಮಾತೇ ಆ ಹೊರಗಿನವನಿಗೆ ಪೆಟ್ಟು. ಕೀಳೆನಿಸಿಕೊಂಡವರನ್ನು ತುಚ್ಛವಾಗಿ ಕಾಣಬೇಡಿರೆಂಬ ಬುದ್ಧಿಮಾತು ಪೋಪರ ಆ ಆಜ್ಞೆಯಲ್ಲಿಯೇ ಇತ್ತು, ನಿಜ. ಬುದ್ಧಿಮಾತಿಗೆ ಷರತ್ತಿನ ಬಲವೆಲ್ಲಿಂದ ಬರಬೇಕು?

ನಗುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ಒಳಪಂಗಡ ವಿಚಾರಿಸಿ ಹೆಣ್ಣು ಕೊಡುವಾಗ "ಇದು ಧರ್ಮವಲ್ಲ ಬಿಡಿ, ರೂಢಿ" ಎನ್ನುವ ಹಿರಿಯರು ನಮ್ಮಲ್ಲೂ ಇದ್ದಾರೆ. ಗೋವೆಯ ಸಭೆಯಲ್ಲಿ ನಡೆದ ವಕಾಲತ್ತೂ ಇದೇ ಬಗೆಯದು.

ಕಾವಿಯ ಪಾದ್ರಿಗಳು ಕೇರಿಯವರೊಡನೆ ಬಹಿರಂಗವಾಗಿ ಬೆರೆತರೆ ಮೇಲ್ಜಾತಿಯವರು ದೂರವಾಗುತ್ತಿದ್ದರು. ಹಾಗಾಗಿ 1640ರಲ್ಲಿ ಕೇರಿಗಳಿಗೆಂದೇ ಪಂಡಾರಸ್ವಾಮಿ ಎಂಬ ಬೇರೊಂದು ವೇಷದ ಪಾದ್ರಿಗಳನ್ನು ನೇಮಿಸಿದರು. ಒಂದೇ ದೇವರ ಹೆಸರಿನಲ್ಲಿ ಇಬ್ಬಗೆಯ ಗುರುಗಳಾದರು. ನೊಬಿಲಿಯವರು 1656ರಲ್ಲಿ ಮೈಲಾಪುರದಲ್ಲಿ ತೀರಿಕೊಂಡರು. ಆ ಏರ್ಪಾಡು ಅವರ ಹಿಂದೆಯೂ ನಡೆಯಿತು.