ತೊಟ್ಟಿಯ ಮೀನು, ಗೋಡೆಯ ಮೇಲಿನ ಕೊಕ್ಕರೆ

ಬಸವೇಶ್ವರನಗರದ ನಮ್ಮ ಮನೆಯ ಮುಂದೆ, ದಾಸವಾಳದ ಗಿಡಕ್ಕೂ ಕಾಂಪೌಂಡಿಗೂ ನಡುವೆ, ಒಂದು ಸಿಮೆಂಟಿನ ತೊಟ್ಟಿ ಇದೆ. ಆರಡಿ ಉದ್ದ, ನಾಲ್ಕಡಿ ಅಗಲ, ಆಳ ಒಂದೂವರೆ ಅಡಿ. ಮೊದಲು ಅದು ಗಿಡಗಳಿಗೆ ನೀರು ತುಂಬಿಡುವ ತೊಟ್ಟಿಯಾಗಿತ್ತು. ಮೊಮ್ಮಗ ಪ್ರಥಮ ಪರಮಪ್ರಸಾದ ಸ್ವೀಕರಿಸಿದ ದಿನ, ನಿನಗೇನು ಬೇಕಪ್ಪ ಎಂದು ಕೇಳಿದೆ. ಮೀನು ಬೇಕು ಎಂದ. ಹೀಗೆ ಒಂಬತ್ತು ಗೋಲ್ಡ್‌ಫಿಶ್‌ಗಳು ಪ್ಲಾಸ್ಟಿಕ್ ಚೀಲದಲ್ಲಿ ನಮ್ಮ ಮನೆಗೆ ಬಂದವು. ಹುಡುಗ ಒಂದೊಂದಕ್ಕೂ ಒಂದೊಂದು ಹೆಸರಿಟ್ಟ. ನನಗೆ ಅವೆಲ್ಲವೂ ಒಂದೇ ಥರ ಕಾಣುತ್ತಿದ್ದವು, ಅವನಿಗೆ ಮಾತ್ರ ಹಾಗಿರಲಿಲ್ಲ.

ಮೂರು ವಾರ ಕಳೆಯುವಷ್ಟರಲ್ಲಿ ಒಂಬತ್ತು ಐದಾದವು. ಮೊದಲು ಪಕ್ಕದ ಮನೆಯ ಬೆಕ್ಕಿನ ಮೇಲೆ ಅನುಮಾನ ಬಂತು. ಬೆಕ್ಕು ನಿರಪರಾಧಿ ಎಂಬುದು ಒಂದು ಬೆಳಿಗ್ಗೆ ಗೊತ್ತಾಯಿತು. ನಾನು ಹಾಲು ತರಲು ಬಾಗಿಲು ತೆರೆದಾಗ ತೊಟ್ಟಿಯ ಅಂಚಿನಲ್ಲಿ ಮಣ್ಣಿನ ಬಣ್ಣದ ಹಕ್ಕಿಯೊಂದು ಕತ್ತು ಒಳಗೆಳೆದುಕೊಂಡು ನಿಂತಿತ್ತು. ನನ್ನನ್ನು ಕಂಡೊಡನೆ ರೆಕ್ಕೆ ಬಿಚ್ಚಿತು. ಕೂತಾಗ ಕಂದು, ಹಾರಿದಾಗ ಅಚ್ಚ ಬಿಳಿ. ಕೊಳದ ಬಕ. ನಮ್ಮ ಕಡೆ ಸುಮ್ಮನೆ ಕೊಕ್ಕರೆ ಎನ್ನುತ್ತಾರೆ.

ನಮ್ಮ ಭಾಷೆ ಈ ಹಕ್ಕಿಯ ಮೇಲೆ ಎಂದೋ ತೀರ್ಪು ಕೊಟ್ಟುಬಿಟ್ಟಿದೆ. ಕಪಟ ಭಕ್ತಿಗೆ ಬಕಧ್ಯಾನ ಎಂದು ಹೆಸರು. ಪಂಚತಂತ್ರದ ಬಕ ಮೀನುಗಳನ್ನು ನಂಬಿಸಿ ಒಂದೊಂದಾಗಿ ಹೊತ್ತೊಯ್ದು ತಿನ್ನುವ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದವರೇ. ಅದನ್ನು ಮಕ್ಕಳಿಗೆ ಪಾಠ ಹೇಳಿದವನೂ ನಾನೇ! ಆದರೆ ನಿಜವಾದ ಕೊಕ್ಕರೆ ಯಾರಿಗೂ ಮಾತು ಕೊಟ್ಟಿಲ್ಲ, ಯಾರನ್ನೂ ನಂಬಿಸಿಲ್ಲ. ಅದು ಅಲುಗಾಡದೆ ನಿಲ್ಲುವುದು ಹಸಿವಿನಿಂದ. ಕಾವಿ ತೊಡಿಸಿ, ಜಪಮಾಲೆ ಕೊಟ್ಟು, ಆಮೇಲೆ ಮೋಸಗಾರ ಎಂದು ಬೈದವರು ನಾವು.

ಇಷ್ಟೆಲ್ಲ ಈಗ ಹೊಳೆಯುತ್ತಿದೆ. ಅಂದು ನನಗೆ ಸಿಟ್ಟು ಬಂದಿತ್ತು. ಎದುರು ಮನೆಯವರು, "ಸಾರ್, ಕವಣೆಯಲ್ಲಿ ಒಂದು ಕಲ್ಲು ಬೀಸಿ, ಮತ್ತೆ ಈ ಕಡೆ ತಲೆ ಹಾಕಲ್ಲ" ಎಂದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧ ಎಂದು ನಾನು ಹೇಳಿದೆ. ಕಾಯಿದೆ ಇಲ್ಲದಿದ್ದರೂ ಕಲ್ಲೆಸೆಯುವ ಮನಸ್ಸು ನನಗಿರಲಿಲ್ಲ. ಪ್ಲಾಸ್ಟಿಕ್ಕಿನ ಕೊಕ್ಕರೆಯೊಂದನ್ನು ತಂದು ತೊಟ್ಟಿಯ ಬಳಿ ನಿಲ್ಲಿಸಿದೆ. ಒಂದು ಕೊಕ್ಕರೆ ಇದ್ದಲ್ಲಿಗೆ ಇನ್ನೊಂದು ಬರುವುದಿಲ್ಲ ಎಂದು ಅಂಗಡಿಯವರು ಹೇಳಿದ್ದರು. ನಾಲ್ಕನೆಯ ದಿನ ಎರಡೂ ಅಕ್ಕಪಕ್ಕ ನಿಂತಿದ್ದವು. ಕೊನೆಗೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ತೆಳ್ಳನೆಯ ನೈಲಾನ್ ಬಲೆ ತಂದು ತೊಟ್ಟಿಯ ಮೇಲೆ ಸಡಿಲವಾಗಿ ಹೊದಿಸಿದೆ. ಅಗ್ಗದ್ದು. ಕಣ್ಣಿಗೂ ಕಾಣುವುದಿಲ್ಲ, ತೊಟ್ಟಿಯ ಅಂದವೂ ಕೆಡುವುದಿಲ್ಲ ಎಂದು ನನಗೇ ಮೆಚ್ಚುಗೆಯಾಯಿತು. ನಮ್ಮ ಕಣ್ಣಿಗೆ ಕಾಣದ್ದು ಹಕ್ಕಿಯ ಕಣ್ಣಿಗೂ ಕಾಣುವುದಿಲ್ಲ ಎಂಬಷ್ಟು ದೂರ ನನ್ನ ಯೋಚನೆ ಹೋಗಲಿಲ್ಲ.

ತಪಸ್ಸುಕಾಲದ ಒಂದು ಶುಕ್ರವಾರ ಬೆಳಿಗ್ಗೆ ಮೊಮ್ಮಗ ಕೂಗಿಕೊಂಡ. ಕೊಕ್ಕರೆ ಬಲೆಯಲ್ಲಿ ತಲೆಕೆಳಗಾಗಿ ಸಿಕ್ಕಿಕೊಂಡಿತ್ತು. ಒಂದು ಕಾಲಿಗೂ ಒಂದು ರೆಕ್ಕೆಗೂ ದಾರ ಸುತ್ತಿ, ಎಳೆದಷ್ಟೂ ಬಿಗಿಯಾಗಿ, ಚರ್ಮ ಕೊಯ್ದಿತ್ತು. ಅರ್ಧ ತಲೆ ನೀರಿನಲ್ಲಿ. ರಾತ್ರಿಯೆಲ್ಲ ಹಾಗೇ ಇತ್ತೋ, ನಸುಕಿನಲ್ಲಿ ಸಿಕ್ಕಿಕೊಂಡಿತೋ ದೇವರೇ ಬಲ್ಲ. ನನ್ನ ಹೆಂಡತಿ ಹೊಲಿಗೆಯ ಕತ್ತರಿ ತಂದಳು. ಟವೆಲಿನಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ತಾತ ಮೊಮ್ಮಗ ಇಬ್ಬರೂ ಆಟೋ ಹತ್ತಿದೆವು. ಗಾಯಗೊಂಡ ಕಾಡುಪ್ರಾಣಿ ಪಕ್ಷಿಗಳಿಗೆ ಚಿಕಿತ್ಸೆ ಕೊಡುವ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ಆಸ್ಪತ್ರೆ ಕೆಂಗೇರಿಯಲ್ಲಿದೆ. ಗಾಳಿಪಟದ ದಾರಕ್ಕೆ ಸಿಕ್ಕಿ ರೆಕ್ಕೆ ಹರಿದುಕೊಂಡ ಹದ್ದುಗಳನ್ನು ಜನ ಅಲ್ಲಿಗೆ ಒಯ್ಯುತ್ತಾರೆಂದು ಕೇಳಿದ್ದೆ. "ಏನ್ ಸಾರ್, ಕೋಳೀನಾ?" ಎಂದು ಆಟೋದವರು ಕೇಳಿದರು. ನಾನು ಉತ್ತರ ಕೊಡಲಿಲ್ಲ.

ವಿಜಯನಗರ ದಾಟಿ ಮೈಸೂರು ರಸ್ತೆಗೆ ಇಳಿದೊಡನೆ ವೃಷಭಾವತಿಯ ವಾಸನೆ ಬಂತು. ನಾಯಂಡಹಳ್ಳಿಯ ಹತ್ತಿರ ಪೆಟ್ಟಿಗೆಯೊಳಗಿನ ಸದ್ದು ನಿಂತಿತು. ಹುಡುಗ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದ. ಆಟೋ ಹಿಂದಕ್ಕೆ ತಿರುಗಿಸಲು ಹೇಳಿದೆ.

ದಾರಿಯಲ್ಲಿ ಅವನು ಕೇಳಿದ್ದು ಎರಡೇ ಪ್ರಶ್ನೆ. "ತಾತ, ಮೀನು ತಿಂದಿದ್ದಕ್ಕೆ ದೇವರು ಅದಕ್ಕೆ ಶಿಕ್ಷೆ ಕೊಟ್ಟರಾ?" ಇಲ್ಲ ಮಗು, ಬಲೆ ಕಟ್ಟಿದ್ದು ನಾನು ಎಂದೆ. "ಹಾಗಾದರೆ ಮೀನುಗಳನ್ನ ತಿನ್ನೋಕೆ ಬಿಟ್ಟುಬಿಡಬೇಕಿತ್ತಾ?" ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ಬರೆಯಲು ಕಾರಣ ಈ ಎರಡನೆಯ ಪ್ರಶ್ನೆ.

ಬಿಟ್ಟುಬಿಡಬೇಕಿತ್ತು, ಅದು ಪ್ರಕೃತಿಯ ನಿಯಮ ಎನ್ನುವವರಿದ್ದಾರೆ. ಕೇಳಲು ದೊಡ್ಡ ಮಾತು. ಆದರೆ ನನ್ನ ತೊಟ್ಟಿಯಲ್ಲಿ ಪ್ರಕೃತಿ ಎಷ್ಟಿತ್ತು? ಕೆರೆಯ ಮೀನಿಗೆ ಓಡಿಹೋಗಲು ಆಳವಿದೆ, ಅಡಗಲು ಜೊಂಡು, ಪಾಚಿ, ಬೇರುಗಳಿವೆ. ಅದಕ್ಕಿಂತ ಹೆಚ್ಚಾಗಿ ಅದರ ಬಣ್ಣವೇ ಅದಕ್ಕೆ ರಕ್ಷಣೆ. ಬೆನ್ನು ಕಪ್ಪಗಿರುವುದರಿಂದ ಮೇಲಿಂದ ನೋಡಿದರೆ ನೀರಿನ ಜೊತೆ ಬೆರೆತುಹೋಗುತ್ತದೆ, ಹೊಟ್ಟೆ ಬೆಳ್ಳಗಿರುವುದರಿಂದ ಕೆಳಗಿಂದ ನೋಡಿದರೆ ಬೆಳಕಿನ ಜೊತೆ. ಗೋಲ್ಡ್‌ಫಿಶ್‌ನ ಪೂರ್ವಿಕರೂ ಹೀಗೇ ಮಂಕು ಬಣ್ಣದ ಮೀನುಗಳು. ಸಾವಿರ ವರ್ಷಗಳ ಹಿಂದೆ ಚೀನಾದಲ್ಲಿ ಕೆಂಪಗೆ, ಹೊಂಬಣ್ಣದಲ್ಲಿ ಹುಟ್ಟಿದ ಮರಿಗಳನ್ನೇ ಆರಿಸಿ ಆರಿಸಿ ಸಾಕುತ್ತ ಬಂದು ಈ ತಳಿ ಆಯಿತು. ಜಪಾನಿನ ರೈತರು ಕೊಯ್ ಮೀನನ್ನು ಬಣ್ಣಬಣ್ಣವಾಗಿಸಿದ್ದೂ ಹೀಗೆಯೇ. ನಮ್ಮ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು ಅದರ ಬೆನ್ನಿನ ಮೇಲಿದ್ದ ರಕ್ಷಣೆಯನ್ನು ನಾವು ತೆಗೆದುಹಾಕಿದೆವು. ಆಮೇಲೆ ಒಂದೂವರೆ ಅಡಿ ನೀರಿನಲ್ಲಿ, ಒಂದು ಎಲೆಯ ಮರೆಯೂ ಇಲ್ಲದಂತೆ ಇಟ್ಟೆವು. ಕೊಕ್ಕರೆಯ ಕಣ್ಣಿಗೂ ಅದು ಚೆನ್ನಾಗಿಯೇ ಕಂಡಿತು! ಇಂಥ ಮೀನನ್ನು 'ಪ್ರಕೃತಿ ನೋಡಿಕೊಳ್ಳಲಿ' ಎಂದು ಬಿಡುವುದು, ಮಗುವನ್ನು ರಸ್ತೆಯ ನಡುವೆ ಕೂರಿಸಿ ಬಂದು ವಾಹನಗಳನ್ನು ಬೈದ ಹಾಗೆ. ಸಾಕಿದವನಿಗೆ ಕಾಯುವ ಹೊಣೆ ಇದ್ದೇ ಇದೆ.

ಹಾಗಾದರೆ ಕೊಕ್ಕರೆ ತಪ್ಪು ಮಾಡಿತೇ? ಆದಿಕಾಂಡದ ಮೊದಲ ಅಧ್ಯಾಯದಲ್ಲಿ ನೆಲದ ಪ್ರಾಣಿಗಳಿಗೂ ಆಕಾಶದ ಪಕ್ಷಿಗಳಿಗೂ ಹಸಿರು ಸೊಪ್ಪನ್ನೇ ಆಹಾರವಾಗಿ ಕೊಟ್ಟ ಮಾತು ಬರುತ್ತದೆ. ಅದರಿಂದ ಕೆಲವರು, ಆದಾಮನು ಪಾಪ ಮಾಡುವ ಮೊದಲು ಹಿಂಸ್ರ ಪ್ರಾಣಿಗಳೂ ಮಾಂಸ ತಿನ್ನುತ್ತಿರಲಿಲ್ಲ ಎಂದು ಊಹಿಸಿದ್ದುಂಟು. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಇದನ್ನು ಒಪ್ಪಲಿಲ್ಲ. ಮನುಷ್ಯನ ಪಾಪದಿಂದ ಸಿಂಹದ, ಗಿಡುಗದ ಸ್ವಭಾವ ಬದಲಾಗಲಿಲ್ಲ, ಅವು ಮೊದಲಿನಿಂದಲೂ ಬೇಟೆಯಾಡುವ ಜೀವಿಗಳೇ ಎಂದು ಅವರು ವಾದಿಸಿದರು. ಅಂದರೆ ಕೊಕ್ಕರೆಯ ಕೊಕ್ಕಿಗೆ ಪಾಪದ ಕಲೆ ಅಂಟಿಲ್ಲ. ಬಿತ್ತದ, ಕೊಯ್ಯದ ಪಕ್ಷಿಗಳನ್ನು ಸ್ವರ್ಗದ ತಂದೆ ಸಲಹುತ್ತಾರೆ ಎಂದು ಯೇಸುಸ್ವಾಮಿ ಹೇಳಿದ್ದನ್ನು ಪ್ರಬೋಧನೆಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಏನು ಕೊಟ್ಟು ಸಲಹುತ್ತಾರೆ ಎಂದು ಕೇಳಿಕೊಂಡದ್ದಿಲ್ಲ. ಕೊಕ್ಕರೆಯ ಪಾಲಿಗೆ ಅದು ಮೀನೇ. ಆದಿಕಾಂಡದಲ್ಲಿ ಮೀನು, ಪಕ್ಷಿ ಎರಡೂ ಸೃಷ್ಟಿಯಾದದ್ದು ಒಂದೇ ದಿನ, ಐದನೆಯ ದಿನ. ಎರಡಕ್ಕೂ ಒಟ್ಟಿಗೆ ಆಶೀರ್ವಾದ ಸಿಕ್ಕಿದೆ.

ನಮ್ಮ ಸಂತರಲ್ಲೂ ನೋಡಿ, ಅಸಿಸಿಯ ಫ್ರಾನ್ಸಿಸರು ಹಕ್ಕಿಗಳಿಗೆ ಬೋಧಿಸಿದರು, ಅವರ ಸಭೆಯವರೇ ಆದ ಪಾದುವದ ಅಂತೋಣಿಯವರು ಮೀನುಗಳಿಗೆ ಬೋಧಿಸಿದರು ಎಂದು ಹೇಳುತ್ತಾರೆ. ಇಬ್ಬರೂ ನನ್ನ ತೊಟ್ಟಿಯ ಬಳಿ ಬಂದು ನಿಂತಿದ್ದರೆ ಒಬ್ಬರಿಗೊಬ್ಬರು ಏನು ಹೇಳಿಕೊಳ್ಳುತ್ತಿದ್ದರೋ!

ಆ ಶುಕ್ರವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಬಂಗುಡೆ ಸಾರು. ತಪಸ್ಸುಕಾಲವಲ್ಲವೇ, ಮಾಂಸವಿಲ್ಲ. ಮೊಮ್ಮಗ ತಟ್ಟೆಯನ್ನೇ ನೋಡುತ್ತ ಕುಳಿತ. ನನಗೂ ತುತ್ತು ಇಳಿಯಲಿಲ್ಲ. ಕೊಕ್ಕರೆಗೆ ಬೇರೆ ಅಡುಗೆ ಮಾಡಿಕೊಳ್ಳಲು ಬರುವುದಿಲ್ಲ. ನನಗೆ ಬರುತ್ತದೆ.

ಇನ್ನೊಂದು ಮಾತನ್ನು ಆ ಆಟೋದಲ್ಲಿ ಕುಳಿತಾಗಿನಿಂದ ಮರೆಯಲಾಗುತ್ತಿಲ್ಲ. ಕೆರೆಯಲ್ಲಿ ಮೀನು ಹಿಡಿಯಬೇಕಾದ ಹಕ್ಕಿ ನಮ್ಮ ತೊಟ್ಟಿಗೆ ಏಕೆ ಬಂತು? ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆಂದು ಜನ ನಂಬಿದ ವೃಷಭಾವತಿ ಇಂದು ಕೆಂಗೇರಿಯನ್ನು ದಾಟುವಾಗ ನೊರೆ ತುಂಬಿದ ಚರಂಡಿ. ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ. ನಮ್ಮ ಕಡೆಯ ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿಗಳ ಕೆರೆಗಳೂ ಬಡಾವಣೆಗಳ ನಡುವೆ ಕಣ್ಮರೆಯಾದವು. ನಾವು ಸೈಟು ಕೊಂಡಾಗ ಇದನ್ನೆಲ್ಲ ಯಾರು ಯೋಚಿಸಿದ್ದರು? ಅದರ ಕೆರೆಯನ್ನು ನಾವು ತೆಗೆದುಕೊಂಡೆವು, ಅದು ನನ್ನ ನಾಲ್ಕು ಮೀನು ತೆಗೆದುಕೊಂಡಿತು. ಕಳ್ಳ ಎಂಬ ಮಾತನ್ನು ನಾನೇ ಮೊದಲು ಬಳಸಿದ್ದೆ ಎಂದು ನೆನೆದರೆ ನಾಚಿಕೆಯಾಗುತ್ತದೆ.

ಅದೇ ಮೈಸೂರು ರಸ್ತೆಯಲ್ಲಿ ಮುಂದೆ ಹೋಗಿ ಒಳಗೆ ತಿರುಗಿದರೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಸಿಗುತ್ತದೆ. ಮೀನು ತಿನ್ನುವ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಅಲ್ಲಿ ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಅವುಗಳ ಬಗ್ಗೆ ಹೇಳುತ್ತಾರೆ. ಹಿಕ್ಕೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ ನಿಜ, ಆದರೆ ನಾತವನ್ನೂ ಗಲೀಜನ್ನೂ ಹುಣಸೆ ಫಸಲಿನ ನಷ್ಟವನ್ನೂ ಅವರೇ ಹೊತ್ತಿದ್ದಾರೆ. ಮರಗಳ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಬಂದದ್ದು ಆಮೇಲೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹೊತ್ತುಕೊಂಡರು ಎಂಬುದು ನನಗೆ ಮುಖ್ಯವಾಗಿ ಕಂಡಿತು. ನನ್ನ ನೈಲಾನ್ ಬಲೆಯಲ್ಲಿ ನಾನು ಹೊತ್ತದ್ದು ಏನೂ ಇರಲಿಲ್ಲ. ಮೀನಿನ ರಕ್ಷಣೆಯ ಖರ್ಚನ್ನೆಲ್ಲ ಕೊಕ್ಕರೆಯ ಕಾಲಿನಿಂದ ಕೀಳಿಸಿದೆ.

ಈಸ್ಟರ್ ಮುಗಿದ ಮೇಲೆ ಮೇಸ್ತ್ರಿಯನ್ನು ಕರೆಸಿ ತೊಟ್ಟಿಯನ್ನು ಮೂರಡಿಗೆ ಇಳಿಸಿದೆವು. ಪಕ್ಕದ ಗೋಡೆಗಳು ನೆಟ್ಟಗೆ. ಇಳಿಜಾರು ಇದ್ದರೆ ಕೊಕ್ಕರೆಗೆ ಮೆಟ್ಟಿಲು ಮಾಡಿಕೊಟ್ಟಂತೆ. ಅದಕ್ಕೆ ಕಾಲೂರಲು ಎಟುಕುವ ನೀರು ಬೇಕು, ಈಜಿ ಹಿಡಿಯುವ ಹಕ್ಕಿಯಲ್ಲ ಅದು. ತಳದಲ್ಲಿ ಹಳೆಯ ಮಂಗಳೂರು ಹೆಂಚುಗಳನ್ನೂ ಬಾಯಿ ಒಡೆದ ಎರಡು ಮಡಕೆಗಳನ್ನೂ ಮಲಗಿಸಿದ್ದೇವೆ, ಮೀನು ಒಳಗೆ ನುಗ್ಗಲಿ ಎಂದು. ಅರ್ಧ ನೀರಿನ ಮೇಲೆ ನೈದಿಲೆ ಎಲೆ. ಮಿಂಚುಳ್ಳಿ ಕೂತು ಗುರಿ ನೋಡುತ್ತಿದ್ದ ಬಟ್ಟೆ ಒಣಗಿಸುವ ತಂತಿಯನ್ನು ಮಹಡಿಗೆ ಸಾಗಿಸಿದೆವು. ನನ್ನ ಹೆಂಡತಿಗೆ ಈಗ ದಿನಾ ಮೆಟ್ಟಿಲು ಹತ್ತುವ ಕೆಲಸ, ಅದರ ಬಗ್ಗೆ ಅವಳ ಅಭಿಪ್ರಾಯವನ್ನು ಇಲ್ಲಿ ಬರೆಯುವುದಿಲ್ಲ. ಬಲೆಯ ಬದಲು ಕಬ್ಬಿಣದ ಚೌಕಟ್ಟಿಗೆ ಬಿಗಿಯಾಗಿ ಎಳೆದು ಕೂರಿಸಿದ ದಪ್ಪ ತಂತಿ ಜಾಲರಿ. ಎದ್ದು ಕಾಣುತ್ತದೆ, ಅಂದವಾಗಿಲ್ಲ, ಹಕ್ಕಿಗೂ ಎದ್ದು ಕಾಣುತ್ತದೆ. ಮೀನುಗಳ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು ಖರ್ಚಾಯಿತು. ನಿಮಗೇನು ಹುಚ್ಚೇ ಎಂದು ಎದುರು ಮನೆಯವರು ಕೇಳಿದರು. (ಮೀನು ಸಾಕಲು ಬೇಸರವಾದವರು ಹತ್ತಿರದ ಕೆರೆಗೆ ಸುರಿದು ಬರುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಹೊರಗಿನ ಮೀನು ಅಲ್ಲಿನ ಮೀನುಗಳ ಬಾಳು ಕೆಡಿಸುತ್ತದೆ.)

ಆದರೂ ಎರಡು ತಿಂಗಳ ಹಿಂದೆ, ನೀರು ಬದಲಿಸಲು ಜಾಲರಿ ತೆಗೆದಿಟ್ಟ ಅರ್ಧ ಗಂಟೆಯಲ್ಲಿ ಒಂದು ಮೀನು ಹೋಯಿತು. ಈಗ ಉಳಿದಿರುವುದು ನಾಲ್ಕು. ಹುಡುಗ ಅತ್ತ, ಆದರೆ ಈ ಸಲ ಹಕ್ಕಿಯನ್ನು ಬೈಯಲಿಲ್ಲ. ಜಾಲರಿ ತೆಗೆದಿಟ್ಟು ಕಾಫಿ ಕುಡಿಯಲು ಹೋದ ನನ್ನನ್ನು ಬೈದ.

ಇನ್ನೊಂದು ಕೊಕ್ಕರೆ ಈಗ ಬೆಳಗಿನ ಹೊತ್ತು ಕಾಂಪೌಂಡಿನ ಮೇಲೆ ಬಂದು ನಿಲ್ಲುತ್ತದೆ. ಅದನ್ನು ಓಡಿಸುವುದಿಲ್ಲ. ಸ್ವಲ್ಪ ಹೊತ್ತು ಜಾಲರಿಯನ್ನು ನೋಡುತ್ತದೆ, ಆಮೇಲೆ ಬೆಳ್ಳಗೆ ರೆಕ್ಕೆ ಬಿಚ್ಚಿ ಹೊರಟುಹೋಗುತ್ತದೆ. ಮೊನ್ನೆ ಅದು ಹೋದ ದಿಕ್ಕನ್ನೇ ನೋಡುತ್ತ ಮೊಮ್ಮಗ, "ಇವತ್ತು ಅದಕ್ಕೆ ಊಟ ಎಲ್ಲಿ ಸಿಗುತ್ತೆ ತಾತ?" ಎಂದ. ಮಲ್ಲತ್ತಹಳ್ಳಿ ಕೆರೆಯಲ್ಲಿ ಸಿಗಬಹುದು ಎಂದೆ. ಭಾನುವಾರ ಪೂಜೆ ಮುಗಿಸಿಕೊಂಡು ಹೋಗಿ ನೋಡೋಣ ಎನ್ನುತ್ತಿದ್ದಾನೆ.