ಗಿಡದಲ್ಲೇ ಬಿಟ್ಟ ಹೂವು

ತಾಯಿ ಚಾಮುಂಡೇಶ್ವರಿ, ನಿನ್ನ ಬೆಟ್ಟದ ಬುಡದ ಊರಿನಿಂದ ಬೇಡುತ್ತಿದ್ದೇನೆ. ದೊಡ್ಡದೇನನ್ನೂ ಕೇಳುವವಳಲ್ಲ. ಒಂದು ಸೂರಕ್ಕಿಗಾಗಿ ಕೇಳುತ್ತೇನೆ. ಕೊಕ್ಕಿನಿಂದ ಬಾಲದವರೆಗೆ 10 ಸೆಂಟಿಮೀಟರ್ ಇದ್ದೀತು, ತೂಕ 10 ಗ್ರಾಮಿನ ಆಸುಪಾಸು. ಮಹಿಷನನ್ನು ಮರ್ದಿಸಿದವಳ ಮುಂದೆ ಇಷ್ಟು ಸಣ್ಣ ಜೀವದ ಮಾತೆತ್ತಬಹುದೇ? ಎತ್ತುತ್ತೇನೆ. ನೀನು ತಾಯಿ, ಕೇಳಿಸಿಕೊಳ್ಳುತ್ತೀ.

ನಿನ್ನ ಪೂಜೆಗೆಂದು ನೆಟ್ಟ ದಾಸವಾಳಕ್ಕೆ ಅದು ದಿನವೂ ಬರುತ್ತದೆ. ಹೂವಿನ ಎದುರಿಗೆ ಹೋಗುವುದಿಲ್ಲ. ತೊಟ್ಟಿನ ಪಕ್ಕ ಕೂತು, ಬಾಗಿದ ಕೊಕ್ಕಿನಿಂದ ಬುಡದಲ್ಲೇ ತೂತು ಮಾಡಿ ಮಕರಂದ ಹೀರುತ್ತದೆ. ನೆರಳಲ್ಲಿ ಗಂಡಿನ ಕತ್ತು ಬರೀ ಕಪ್ಪು. ತುಸು ಹೊರಳಿ ಬಿಸಿಲಿಗೆ ಬಂದರೆ ಕತ್ತು ನೇರಳೆ, ನೆತ್ತಿ ಹಸಿರು. ಆ ಹೊಳಪು ಬಣ್ಣ ಬಳಿದದ್ದಲ್ಲ. ಗರಿಯ ಸೂಕ್ಷ್ಮ ಪದರಗಳಲ್ಲಿ ಬೆಳಕು ಆಡಿ ಹುಟ್ಟಿದ್ದು. ಬೆಳಕನ್ನೇ ಉಡಿಸಿದ್ದೀಯಲ್ಲ ತಾಯಿ. ನೋಡಲು ಕಣ್ಣು ಕೊಟ್ಟೆ, ಅದಕ್ಕೂ ನಮಸ್ಕಾರ.

ಇಲ್ಲಿ ಕೆಲವರು ಇದನ್ನೇ ಹಮ್ಮಿಂಗ್‌ಬರ್ಡ್ ಅಂದುಕೊಳ್ಳುತ್ತಾರೆ. ಅದಿರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಆಂಡೀಸ್ ಪರ್ವತದ ಮಂಜು ಕವಿದ ಕಾಡುಗಳಲ್ಲಿ, ಬಾಲ ಬಿಟ್ಟರೆ ಮೈಗಿಂತ ಕೊಕ್ಕೇ ಉದ್ದವಿರುವ ಜಾತಿಯೊಂದಿದೆ. ಆ ಕೊಕ್ಕಿಗೆ ತಕ್ಕ ಉದ್ದ ಕೊಳವೆಯ ಹೂಗಳನ್ನೂ ಅಲ್ಲೇ ಇಟ್ಟಿದ್ದೀ. ಪೆರುವಿನ ಎತ್ತರದಲ್ಲಿ ಮತ್ತೊಂದು ಜಾತಿ, ರಾತ್ರಿಯ ಚಳಿಗೆ ಮೈಬಿಸಿಯನ್ನು 3 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಇಳಿಸಿಕೊಂಡು ಜೀವವಿಲ್ಲದಂತೆ ಇದ್ದುಬಿಡುತ್ತದೆ. ಬೆಳಗಾದರೆ ಮೈ ಕಾಯಿಸಿಕೊಂಡು ಹೂವಿಗೆ ಹಾರುತ್ತದೆ. ಅಲ್ಲಿ ನಿನ್ನನ್ನು ಯಾವ ಹೆಸರಿನಿಂದ ಕರೆಯುತ್ತಾರೋ! ಎಬ್ಬಿಸುವವಳು ನೀನೇ ಎಂದು ನಂಬಿದ್ದೇನೆ. ಹಮ್ಮಿಂಗ್‌ಬರ್ಡ್ ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತು ಕುಡಿಯುತ್ತದೆ, ನಮ್ಮದು ಹೆಚ್ಚಾಗಿ ಕೂತು ಕುಡಿಯುತ್ತದೆ. ಇಬ್ಬರದೂ ಬೇರೆ ಬೇರೆ ಕುಲ. ಹಸಿವು ಮಾತ್ರ ಒಂದೇ.

ಈಗ ಹೆಣ್ಣು ಗೂಡು ಕಟ್ಟಿದೆ. ನಮ್ಮ ಬೀದಿಯ ಹೊಂಗೆಯ ತಗ್ಗಿನ ಕೊಂಬೆಯಲ್ಲಿ. ತೊಗಟೆಯ ಚೂರು, ಒಣನಾರು, ಕಂಬಳಿಹುಳುವಿನ ಹಿಕ್ಕೆ, ಎಲ್ಲವನ್ನೂ ಜೇಡರಬಲೆಯ ಎಳೆಯಿಂದ ಬಿಗಿದು ಇಳಿಬಿಟ್ಟ ಪುಟ್ಟ ಚೀಲ. ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೊಂದು ಸೂರು. ದೂರದಿಂದ ನೋಡಿದವರಿಗೆ ಕೊಂಬೆಗೆ ಸಿಕ್ಕಿಕೊಂಡ ಕಸ. ಹಬ್ಬ ಬಂತೆಂದು ನಾವು ಗುಡಿಸಿ ಎಸೆಯುವ ಬಲೆಯೇ ಅದಕ್ಕೆ ದಾರ. ಜೇಡವನ್ನೂ ಕಾಪಾಡು ತಾಯಿ, ಮರಿಗಳಿಗೆ ಊಟವೂ ಅದೇ.

ಈ ಊರಿಗೆ ನೀನು ಕೊಟ್ಟದ್ದು ಕಡಿಮೆಯಲ್ಲ. ಕುಕ್ಕರಹಳ್ಳಿ ಕೆರೆಯ ದಂಡೆ, ಕಾರಂಜಿ ಕೆರೆಯ ಮರಗಳು, ನಿನ್ನದೇ ಬೆಟ್ಟದ ಕುರುಚಲು. ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ ಮೇಲೆ ಊರು ಎಷ್ಟೋ ಬೆಳೆಯಿತು. ಈ ಸಣ್ಣದು ಮನೆಯಂಗಳ ಬಿಟ್ಟು ಹೋಗಲಿಲ್ಲ. ಮಾವಿನ ಮರದ ಬಂದಳಿಕೆಯನ್ನು ಕೇಡೆಂದು ಕೀಳುತ್ತೇವೆ. ರೈತರಿಗೆ ಅದು ಕೇಡೇ ಸರಿ. ಆದರೆ ಅದರ ಕೊಳವೆ ಹೂಗಳಿಂದಲೂ ಇದರ ಹೊಟ್ಟೆ ತುಂಬುತ್ತದೆ. ಯಾರಿಗೆ ಎಷ್ಟು ಎಂದು ಅಳೆಯುವ ಬುದ್ಧಿ ನನಗಿಲ್ಲ. ಅದು ನಿನಗೆ ಬಿಟ್ಟದ್ದು.

ನನ್ನ ಕೈಲಾದದ್ದು ಇಷ್ಟು. ಆಷಾಢದ ಶುಕ್ರವಾರ ಬುಟ್ಟಿ ತುಂಬ ಹೂ ಹೊತ್ತು ಸಾವಿರಾರು ಜನ ನಿನ್ನಲ್ಲಿಗೆ ಬರುತ್ತಾರೆ. ನನ್ನ ಬುಟ್ಟಿಯಲ್ಲಿ ನಾಲ್ಕು ಹೂ ಕಡಿಮೆ ಇರುತ್ತದೆ. ಗಿಡದಲ್ಲಿ ಬಿಟ್ಟವನ್ನೂ ನಿನ್ನ ಪಾದಕ್ಕೇರಿಸಿದ್ದೆಂದೇ ಸ್ವೀಕರಿಸು.

ಇನ್ನೊಂದೇ ಕೋರಿಕೆ. ಮೊಟ್ಟೆ ಎರಡಿವೆ. ಒಡೆದು, ಮರಿ ಬಲಿತು ಹಾರಲು ಒಂದು ತಿಂಗಳು ಬೇಕು. ಮಳೆಗಾಲಕ್ಕೆ ಮುಂಚೆ ಕರೆಂಟಿನ ತಂತಿಗೆ ತಾಗುವ ಕೊಂಬೆಗಳನ್ನು ಸವರಲು ಬರುತ್ತಾರೆ. ಅವರದ್ದೂ ಹೊಟ್ಟೆಪಾಡು. ಆ ಒಂದು ಕೊಂಬೆಯನ್ನು ಈ ತಿಂಗಳು ಬಿಟ್ಟುಬಿಡುವಂತೆ ಅವರ ಮನಸ್ಸಿಗೆ ತಂದುಕೊಡು ತಾಯಿ.