ಮಿಗತೆ ಯಾರ ಹೆಗಲಿಗೆ?

1967ರ ಮಹಾಜನ ವರದಿ ಚಂದ್ರಗಿರಿಯ ಉತ್ತರದ ಕಾಸರಗೋಡಿನ ಜೊತೆಗೆ ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರಗಳನ್ನೂ ಕನ್ನಡನಾಡಿಗೆ ಸೇರಿಸಬೇಕೆಂದು ಹೇಳಿತ್ತು. ವರದಿ ಕಡತದಲ್ಲಿ ಉಳಿಯಿತು. ನಾವೂ ಅವರೂ ಇದ್ದಲ್ಲೇ ಉಳಿದೆವು. ಆದರೆ ಆ ಸೀಮೆಗೂ ನಮಗೂ ವರದಿಗಿಂತ ಹಳೆಯದಾದ ಇನ್ನೊಂದು ನಂಟಿದೆ. ಅದು ಮಗ್ಗದ್ದು ಮತ್ತು ಬೀಡಿಯದ್ದು. ಈ ಎರಡು ಕಸುಬುಗಳನ್ನು ಎದುರಿಗಿಟ್ಟುಕೊಂಡು, ಇಂದು ಕಾರ್ಖಾನೆಯಿಂದ ಆಸ್ಪತ್ರೆಯವರೆಗೆ ಎಲ್ಲೆಡೆ ಕೇಳಿಬರುವ ‘ಲೀನ್’ ಎಂಬ ಆಡಳಿತ ಪದ್ಧತಿಯನ್ನು ನ್ಯಾಯದ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂದು ನನಗನ್ನಿಸಿದೆ.

ಲೀನ್ ಎಂದರೆ ಕೊಬ್ಬಿಲ್ಲದ್ದು. ನಮ್ಮ ‘ಲೀನ’ಕ್ಕೂ ಅದಕ್ಕೂ ಸಂಬಂಧವಿಲ್ಲ. ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ತೈಚಿ ಓನೊ ಎಂಬಾತ ಬೆಳೆಸಿದ ಪದ್ಧತಿಗೆ ಅಮೆರಿಕದ ಸಂಶೋಧಕರು 1980ರ ದಶಕದ ಕೊನೆಯಲ್ಲಿ ಕೊಟ್ಟ ಹೆಸರು ಅದು. ಕೊಳ್ಳುವವನಿಗೆ ಬೇಕಾದದ್ದನ್ನು, ಬೇಕಾದಾಗ, ಬೇಕಾದಷ್ಟೇ ತಯಾರಿಸು, ಉಳಿದದ್ದೆಲ್ಲ ವ್ಯರ್ಥ ಎಂಬುದು ಅದರ ಸಾರ. ಓನೊ ಏಳು ವ್ಯರ್ಥಗಳನ್ನು ಎಣಿಸಿದ: ಅತಿ ತಯಾರಿಕೆ, ಕಾಯುವಿಕೆ, ಸಾಗಾಟ, ಅನಗತ್ಯ ಸಂಸ್ಕರಣೆ, ದಾಸ್ತಾನು, ವೃಥಾ ಓಡಾಟ, ದೋಷ. ಇವುಗಳಲ್ಲಿ ಅತಿ ತಯಾರಿಕೆಯೇ ಎಲ್ಲಕ್ಕಿಂತ ಕೆಟ್ಟದ್ದು ಎಂದ. ಉಗ್ರಾಣ ತುಂಬಿದ್ದರೆ ಮಿಕ್ಕ ತಪ್ಪುಗಳೆಲ್ಲ ಅದರ ಅಡಿಯಲ್ಲಿ ಮುಚ್ಚಿಹೋಗುತ್ತವೆ.

ಕನ್ನಡಿಗರ ಕಿವಿಗೆ ಇದು ತೀರ ಹೊಸ ಮಾತಲ್ಲ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಆಯ್ದಕ್ಕಿ ಲಕ್ಕಮ್ಮ ಮಿಕ್ಕಿದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದ ಕಥೆಯನ್ನು ಕೇಳದವರಾರು? ಆದರೆ ಅದೇ ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ, ಎಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮ ಕೆರೆ ಕಟ್ಟಿಸಿದ. ಕೆರೆಯೆಂದರೆ ದಾಸ್ತಾನೇ ಅಲ್ಲವೆ? ಇಂದು ಬೇಡದ ನೀರನ್ನು ನಾಳೆಗೆ ತಡೆದಿಡುವುದೇ ಅದರ ಕೆಲಸ. ಮಳೆ ಕೈಕೊಡುವ ಆ ಸೀಮೆಯಲ್ಲಿ ಕೆರೆಯನ್ನು ವ್ಯರ್ಥವೆನ್ನುವ ಧೈರ್ಯ ಯಾರಿಗಿದೆ? ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಅನ್ನಛತ್ರದ ಮಾತೂ ಅಷ್ಟೇ. ಗುರುಪೂರ್ಣಿಮೆಗೆ ಬರುವ ಯಾತ್ರಿಕರು ಮುಂಗಡ ಹೇಳಿ ಬರುವವರಲ್ಲ. ಅಲ್ಲಿ ಕೊನೆಯ ಪಂಕ್ತಿಯವನು ಹಸಿದು ಏಳಬಾರದೆಂದರೆ ಒಂದಿಷ್ಟು ಹೆಚ್ಚಿಗೆ ಬೇಯಿಸಲೇಬೇಕು.

ಲಕ್ಕಮ್ಮನಿಗೂ ಸಿದ್ಧರಾಮನಿಗೂ ಇಲ್ಲಿ ವಿರೋಧವಿದೆಯೆಂದು ನಾನು ತಿಳಿಯುವುದಿಲ್ಲ. ಆಕೆ ಬೇಡವೆಂದದ್ದು ತನ್ನ ಮನೆಗೆ ಬಂದ ಮಿಗತೆಯನ್ನು. ಆತ ಕೂಡಿಸಿದ್ದು ಊರಿನ ಮಿಗತೆಯನ್ನು. ಎಷ್ಟು ಉಳಿಯಿತೆಂಬ ಲೆಕ್ಕವೊಂದೇ ಸಾಲದು. ಅದು ಯಾರಿಗೆ ಉಳಿಯಿತು, ಕಡಿಮೆ ಬಿದ್ದಾಗ ಯಾರಿಗೆ ಬಿತ್ತು ಎಂದೂ ಕೇಳಬೇಕು.

ಈ ಪದ್ಧತಿಯ ಬೇರು ಮಗ್ಗದಲ್ಲಿದೆ. ಬಡಗಿಯ ಮಗನಾದ ಸಕಿಚಿ ಟೊಯೊಡಾ 1924ರಲ್ಲಿ ಸಿದ್ಧಪಡಿಸಿದ ಸ್ವಯಂಚಾಲಿತ ಮಗ್ಗ ನೂಲು ಹರಿದೊಡನೆ ತಾನಾಗಿ ನಿಲ್ಲುತ್ತಿತ್ತು. ಅದರ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕೊಂಡಿತು. ಸಕಿಚಿಯ ಮಗ ಮುಂದೆ ಕಾರಿನ ಕಾರ್ಖಾನೆ ಕಟ್ಟಿದ. ಅಲ್ಲಿಯೂ ದೋಷ ಕಂಡ ಕಾರ್ಮಿಕ ಹಗ್ಗ ಎಳೆದು ಸಾಲನ್ನೇ ನಿಲ್ಲಿಸಬಹುದು ಎಂಬ ನಿಯಮ ಬಂತು. ತಪ್ಪು ಕಂಡಲ್ಲಿ ಕೆಲಸ ನಿಲ್ಲಲಿ, ಕಾರಣ ಹುಡುಕೋಣ, ಕೈಯಾಳನ್ನು ದಂಡಿಸುವುದು ಬೇಡ ಎಂಬ ಈ ವಿವೇಕವನ್ನು ನಾನು ಮನಸಾರೆ ಒಪ್ಪುತ್ತೇನೆ.

ಇನ್ನು ಸೊಲ್ಲಾಪುರಕ್ಕೆ ಬನ್ನಿ. ಅಲ್ಲಿಯ ಹೆಸರಾಂತ ಸ್ಪಿನಿಂಗ್ ಅಂಡ್ ವೀವಿಂಗ್ ಗಿರಣಿ 1949ರ ಆಗಸ್ಟಿನಲ್ಲಿ ಬಾಗಿಲು ಮುಚ್ಚಿತು. ಅದನ್ನು ವಶಕ್ಕೆ ತೆಗೆದುಕೊಳ್ಳಲು ಕೇಂದ್ರ ಸರಕಾರ 1950ರಲ್ಲಿ ತಂದ ಕಾನೂನಿನ ಪೀಠಿಕೆಯೇ ಆಡಳಿತದ ಅವ್ಯವಸ್ಥೆಯನ್ನೂ ನಿರ್ಲಕ್ಷ್ಯವನ್ನೂ ಕಾರಣವಾಗಿ ಹೇಳಿ, ಅದರಿಂದ ನಿರುದ್ಯೋಗ ಉಂಟಾಯಿತೆಂದು ದಾಖಲಿಸಿದೆ. ನೂಲು ಹರಿದದ್ದು ಮೇಲಿನ ಕಚೇರಿಯಲ್ಲಿ. ಒಲೆ ಆರಿದ್ದು ಕಾರ್ಮಿಕರ ಮನೆಯಲ್ಲಿ.

ಬೀಡಿಯ ಕಸುಬಿನಲ್ಲಿ ಈ ವರ್ಗಾವಣೆ ದಿನನಿತ್ಯದ್ದು. ಸೊಲ್ಲಾಪುರದ ಸಾವಿರಾರು ಹೆಂಗಸರು ಮನೆಯಲ್ಲಿ ಕುಳಿತು ಬೀಡಿ ಕಟ್ಟುತ್ತಾರೆ. ಮಾಲಿಕನಿಗೆ ಕಟ್ಟಡ ಬೇಡ, ದೀಪ ಬೇಡ. ಬೇಡಿಕೆ ಇಳಿದರೆ ಎಲೆ ಕೊಡುವುದನ್ನು ಕಡಿಮೆ ಮಾಡಿದರೆ ಮುಗಿಯಿತು. ಲೆಕ್ಕದ ಪುಸ್ತಕದಲ್ಲಿ ಇದಕ್ಕಿಂತ ‘ಲೀನ್’ ಆದದ್ದು ಇನ್ನೊಂದಿಲ್ಲ. ಆದರೆ ಕಾಯುವಿಕೆ ಅಳಿಯಲಿಲ್ಲ, ಆಕೆಯ ಜಗಲಿಗೆ ಬಂತು. ದೋಷವೂ ಅಳಿಯಲಿಲ್ಲ. ಈ ಕಸುಬಿನಲ್ಲಿ ತಿರಸ್ಕರಿಸಿದ ಬೀಡಿಗೆ ಕೂಲಿ ಸಿಗದು. ಎಲೆ ಕಳಪೆಯಾಗಿತ್ತೇ ಎಂದು ಹುಡುಕಲು ಯಾವ ಸಾಲೂ ನಿಲ್ಲದು.

ನಮ್ಮ ನೆರೆಯ ಕಣ್ಣೂರಿನಲ್ಲಿ ಬೇರೊಂದು ದಾರಿ ತೆರೆಯಿತು. 1966ರ ಬೀಡಿ ಕಾರ್ಮಿಕರ ಕಾಯಿದೆಯನ್ನು ಕೇರಳ ಜಾರಿಗೊಳಿಸಿದಾಗ ಮಂಗಳೂರಿನ ದೊಡ್ಡ ಮಾಲಿಕರು ಅಲ್ಲಿಯ ಕೆಲಸ ನಿಲ್ಲಿಸಿದರು. ಕೆಲಸ ಕಳೆದುಕೊಂಡವರಿಗಾಗಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಆ ಸೀಮೆಯ ಬೀಡಿಶಾಲೆಗಳಲ್ಲಿ ಒಬ್ಬ ಪತ್ರಿಕೆ ಓದುತ್ತಿದ್ದ, ಉಳಿದವರು ಕೇಳುತ್ತ ಕಟ್ಟುತ್ತಿದ್ದರು; ಅವನ ಪಾಲಿನ ಬೀಡಿಯನ್ನೂ ಅವರೇ ಕಟ್ಟಿಕೊಡುತ್ತಿದ್ದರು. ಗಡಿಯಾರ ಹಿಡಿದು ಬಂದ ತಜ್ಞ ಆ ಓದುಗನನ್ನು ಮೊದಲ ದಿನವೇ ವ್ಯರ್ಥದ ಪಟ್ಟಿಗೆ ಸೇರಿಸಿಯಾನು. ಆದರೆ ಅವನು ಕಟ್ಟುವವರೆಲ್ಲರೂ ಸೇರಿ ಒಪ್ಪಿ ಹೊತ್ತ ಮಿಗತೆ, ಅವರ ಕೆರೆ.

ಜಪಾನೀಯರು ವ್ಯರ್ಥಕ್ಕೆ ‘ಮುದಾ’ ಎನ್ನುತ್ತಾರೆ. ಅದರ ಜೊತೆಗೆ ಇನ್ನೆರಡು ಶಬ್ದಗಳಿವೆ: ಏರುಪೇರಿಗೆ ‘ಮುರಾ’, ಮನುಷ್ಯನ ಮೇಲೋ ಯಂತ್ರದ ಮೇಲೋ ಶಕ್ತಿಮೀರಿ ಹೇರುವ ಹೊರೆಗೆ ‘ಮುರಿ’. ಮೂರನ್ನೂ ಒಟ್ಟಿಗೆ ತೊಲಗಿಸಬೇಕೆಂಬುದೇ ಮೂಲ ಪಾಠ. ನಮ್ಮಲ್ಲಿಗೆ ಬರುವಷ್ಟರಲ್ಲಿ ಬಹಳ ಕಡೆ ಮೊದಲನೆಯದು ಮಾತ್ರ ಉಳಿದಿದೆ. ನಮ್ಮ ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿಯಲ್ಲೋ ಇಂಥ ಪಟ್ಟಿಗಳನ್ನು ಬರೆಯುವ ಕೆಲಸದಲ್ಲಿದ್ದಾರೆ. ಒಂದು ಬಾಬನ್ನು ವ್ಯರ್ಥವೆಂದು ಹೊಡೆದುಹಾಕುವ ಮುನ್ನ, ಅದು ನಿಜಕ್ಕೂ ಇಲ್ಲವಾಗುತ್ತದೆಯೋ ಅಥವಾ ಬಡವಳೊಬ್ಬಳ ಜಗಲಿಗೆ ಹೋಗಿ ಕೂರುತ್ತದೆಯೋ ಎಂದು ಅವರು ಕೇಳಿಕೊಂಡರೆ ಸಾಕು. ಕೂರುವುದಾದರೆ ಅದನ್ನು ಉಳಿತಾಯವೆಂದು ಬರೆಯದಿರಲಿ.